ನೀರಿಗಿಳಿದ ಬೀರು

"ಮೂವತ್ತೊಂದು ವರ್ಷದಲ್ಲಿ ನನ್ನ ಟೇಪು ಒಂದೇ ಒಂದು ಸಲ ಸುಳ್ಳು ಹೇಳಿದ್ದನ್ನ ತೋರಿಸು, ಅವತ್ತೇ ಕತ್ತರಿ ಕೆಳಗಿಟ್ಟುಬಿಡ್ತೀನಿ," ಎಂದು ಟೈಲರ್ ಮಾಸ್ಟರ್ ಹೆಂಡತಿಯ ಮುಂದೆ ಶಪಥ ಮಾಡಿದ್ದು ಶುಕ್ರವಾರ ಬೆಳಿಗ್ಗೆ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಕತ್ತರಿ ಇಡೋಣವೆಂದರೆ ಅವರ ಕೆಳಗೆ ನೆಲವೇ ಇರಲಿಲ್ಲ.

ದರ್ಜಿಗಳ ಬೀದಿಯಲ್ಲಿ ಅವರಿಗೆ 'ಅರ್ಧ ಇಂಚು ಮಾಸ್ಟರ್' ಎಂದೇ ಹೆಸರು. ಯಾರು ಏನು ಹೊಲಿಸಿದರೂ, "ಅರ್ಧ ಇಂಚು ಒಳಗೆ ಬಿಟ್ಟಿದ್ದೀನಿ, ಮುಂದೆ ಮೈ ಬಂದ್ರೆ ಬಿಚ್ಚಿಸ್ಕೊಳ್ಳಿ" ಎಂದು ಹರಸಿ ಕಳಿಸುವ ಪುಣ್ಯಾತ್ಮ. ಬೀದಿಯ ಆ ತುದಿಯಲ್ಲಿ ನಡೆದು ಬರುವವರ ಸೊಂಟದಳತೆಯನ್ನು ಈ ತುದಿಯಲ್ಲಿ ಕೂತೇ ಹೇಳಬಲ್ಲೆ ಎಂಬುದು ಅವರ ಹೆಮ್ಮೆ. ಹೇಳಿಯೇಬಿಡುತ್ತಾರೆ ಎಂಬುದು ಹೆಂಡತಿಯ ಸಂಕಟ.

ಹೆಂಡತಿ ದೊಡ್ಡಾಸ್ಪತ್ರೆಯ ತುರ್ತು ವಾರ್ಡಿನ ಹೆಡ್ ನರ್ಸ್. ಮೂರು ಆಂಬ್ಯುಲೆನ್ಸ್ ಒಟ್ಟಿಗೆ ಬಂದು ನಿಂತರೂ ದನಿ ಏರಿಸದ ಹೆಂಗಸು. ಮನೆಯಲ್ಲೂ ಏರಿಸುವುದಿಲ್ಲ. ಏರಿಸಿದ್ದರೆ ಮಾಸ್ಟರ್‌ಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು.

ಮದುವೆಯಾದಾಗಿನಿಂದ ಇಪ್ಪತ್ತಾರು ವರ್ಷ ಇವರ ಸಂಸಾರ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲೇ ನಡೆದಿತ್ತು. ಕೆಳಗೆ ಹೊಲಿಗೆ ಮಿಷನ್ನುಗಳ ಗಡಗಡ, ಎದುರಿಗೆ ಗುಂಡಿ ಮಾರುವವನ ಗೋಡೆ. ಹೆಂಡತಿ ಈ ಇಪ್ಪತ್ತಾರು ವರ್ಷದಲ್ಲಿ ಬಾಯಿಬಿಟ್ಟು ಕೇಳಿದ್ದು ಒಂದೇ: "ಕಿಟಕಿ ತೆಗೆದ್ರೆ ನೀರು ಕಾಣೋ ಒಂದು ಮನೆ ಇದ್ದಿದ್ರೆ ಚೆನ್ನಾಗಿರ್ತಿತ್ತು." ಆಕೆಯ ಅಪ್ಪ ದೋಣಿ ಕಟ್ಟುವವರು. ನೀರಿನ ಪಕ್ಕದಲ್ಲೇ ಬೆಳೆದ ಜೀವ. ಕೊನೆಗೂ ಮಾಸ್ಟರ್ ಕೆರೆಯ ದಂಡೆಯಲ್ಲೇ ಒಂದು ಮನೆ ಹುಡುಕಿದರು.

ಮನೆ ತೋರಿಸಲು ಬಂದ ಏಜೆಂಟು, "ಇದು ಬೊಟಿಕ್ ಕಾಂಡೋಮಿನಿಯಂ ಸಾರ್," ಎಂದ.

"ನಮ್ಮ ಅಂಗಡಿ ಬೋರ್ಡಲ್ಲೂ ಬೊಟಿಕ್ ಅಂತಾನೇ ಇದೆ. ನಿಮ್ಮಲ್ಲಿ ಏನು ಹೊಲೀತೀರಿ?"

"ಹೊಲಿಯೋದಲ್ಲ ಸಾರ್. ಬೊಟಿಕ್ ಅಂದ್ರೆ ನಾಲ್ಕೇ ಮಹಡಿ, ಒಂಬತ್ತೇ ಮನೆ. ಎಲ್ಲಾ ಕೈಯಲ್ಲಿ ಮಾಡಿದ ಹಾಗೆ ಅಚ್ಚುಕಟ್ಟು."

"ಅಂದ್ರೆ ಚಿಕ್ಕದು."

"ಚಿಕ್ಕದು ಅನ್ನಬಾರದು ಸಾರ್. ಆಪ್ತ ಅನ್ನಬೇಕು."

ಎಲ್ಲವೂ ಆಪ್ತವಾಗಿಯೇ ಇತ್ತು. ಅಡುಗೆಮನೆ ಎಷ್ಟು ಆಪ್ತವೆಂದರೆ ಹೆಂಡತಿ ಫ್ರಿಜ್ಜಿನ ಬಾಗಿಲು ತೆಗೆದರೆ ಮಾಸ್ಟರ್ ಹಾಲಿಗೆ ಹೋಗಿ ನಿಲ್ಲಬೇಕು. ಲಿಫ್ಟಿನಲ್ಲಿ ಮೂವರು ಹಿಡಿಯುತ್ತಾರೆ, ಮೂವರೂ ಉಸಿರು ಬಿಗಿಹಿಡಿದು ನಿಂತರೆ. ಮೆಟ್ಟಿಲಂತೂ ಕಪ್ಪು ಕಬ್ಬಿಣದ ಸುರುಳಿ. ಜಾಹೀರಾತಿನ ಫೋಟೋದಲ್ಲಿ ಬಲು ಚೆಂದ, ಹತ್ತಿ ಇಳಿಯುವವರಿಗೆ ತಲೆಸುತ್ತು. ಆದರೆ ಮೂರನೇ ಮಹಡಿಯ ಬಾಲ್ಕನಿಗೆ ಬಂದು ನಿಂತರೆ ಕೆರೆ ಇಸ್ತ್ರಿ ಮಾಡಿ ಹಾಸಿದ ಹಾಗೆ ಕಾಣುತ್ತಿತ್ತು. ಕಂಬಿ ಹಿಡಿದು ನಿಂತ ಹೆಂಡತಿ ಹತ್ತು ನಿಮಿಷ ಒಳಗೆ ಬರಲೇ ಇಲ್ಲ. ಮನೆ ಕೊಂಡಾಯಿತು.

ಸಾಮಾನೆಲ್ಲ ಬಂತು, ಒಂದು ಬಿಟ್ಟು. ಅದೇ ಹೆಂಡತಿಯ ಅಪ್ಪನ ಬೀರು.

ಅಪ್ಪ ಹುಟ್ಟಿದಾರಭ್ಯ ದೋಣಿ ಬಿಟ್ಟು ಬೇರೇನೂ ಮಾಡಿದವರಲ್ಲ. ಮಗಳ ಮದುವೆಗೆಂದು ಒಂದೇ ಒಂದು ಮರದ ಬೀರು ಮಾಡಿದರು. ಅವರಿಗೆ ನೇರ ಗೆರೆಯ ಮೇಲೆ ನಂಬಿಕೆಯಿರಲಿಲ್ಲ. ಹಾಗಾಗಿ ಬೀರು ಮೇಲೆ ಕೆಳಗೆ ಸಪೂರ, ನಡುವೆ ಎರಡೂ ಕಡೆ ಉಬ್ಬು. ಸಂದುಸಂದಿಗೂ ಹತ್ತಿ ತುರುಕಿ ರಾಳ ಬಳಿದಿದ್ದರು. ಬಾಗಿಲು ಹಾಕಿದರೆ ಗಾಳಿಯೂ ನುಗ್ಗದು. ಇದಾಗಿ ನಾಲ್ಕು ವರ್ಷಕ್ಕೆ ಅವರು ತೀರಿಕೊಂಡರು. ಕಟ್ಟಿದ ದೋಣಿಗಳೆಲ್ಲ ಯಾರ್‍ಯಾರದೋ ಪಾಲಾಗಿ, ಅವರ ಕೈಕೆಲಸದಲ್ಲಿ ಮಗಳಿಗೆ ಉಳಿದದ್ದು ಇದೊಂದೇ.

"ಬೇರೆ ಯಾವುದು ಹೋದ್ರೂ ಪರವಾಗಿಲ್ಲ ರೀ. ಅಪ್ಪನ ಬೀರು ಮಾತ್ರ ಬರಬೇಕು. ಒಬ್ಬ ಬಡಗಿನ ಕರೆಸಿ, ಬಿಚ್ಚಿಸಿ ತರೋಣ," ಎಂದಳು ಹೆಂಡತಿ.

"ಬಿಚ್ಚೋದಾ? ಬಿಚ್ಚೋದು ಅಳತೆ ತಪ್ಪಿದವನ ಕೆಲಸ. ಲಿಫ್ಟಿನ ಬಾಗಿಲು ಮೂವತ್ತೊಂದು ಇಂಚು, ಬೀರು ಇಪ್ಪತ್ತೊಂಬತ್ತು. ಅರ್ಧ ಇಂಚು ಕೇಳಿದ್ರೆ ಎರಡಿಂಚು ಬಿಟ್ಟಿದ್ದೀನಿ." ಟೇಪಿನ ಶಪಥ ನಡೆದದ್ದು ಆಗಲೇ.

ಅದರ ಮೇಲೆ ಇನ್ನೊಂದು ಹೊರೆಯನ್ನೂ ಅವರು ಹೊತ್ತುಕೊಂಡಿದ್ದರು. ಕಾಂಡೋಮಿನಿಯಮ್ಮಿನ ಸಂಘಕ್ಕೆ ಕಾರ್ಯದರ್ಶಿ ಎರಡನೇ ಮಹಡಿಯ ನಿವೃತ್ತ ಮುಖ್ಯೋಪಾಧ್ಯಾಯಿನಿ. ಎಲ್ಲರ ಬಾಯಲ್ಲೂ ಹೆಡ್ ಮಿಸ್. ಆಕೆಯ ಬಳಿ ನಲವತ್ತು ನಿಯಮಗಳ ಪುಸ್ತಕವಿತ್ತು. ಹದಿನಾಲ್ಕನೇ ನಿಯಮದ ಪ್ರಕಾರ ಕೆರೆಯ ಕಡೆಯಿಂದ ನೋಡಿದರೆ ಒಂಬತ್ತೂ ಮನೆಗಳ ಪರದೆ ಒಂದೇ ಕೆನೆ ಬಣ್ಣದಲ್ಲಿ ಕಾಣಬೇಕು. ಸಂಘದ ಸಭೆಯಲ್ಲಿ ಮಾಸ್ಟರ್ ಎದ್ದು ನಿಂತು, "ಒಂಬತ್ತು ಮನೆಯ ಪರದೆಯೂ ನನ್ನ ಜವಾಬ್ದಾರಿ. ಶನಿವಾರ ಸಾಯಂಕಾಲ ಎಲ್ಲರ ಕಿಟಕಿಯಲ್ಲೂ ಇರುತ್ತೆ," ಎಂದಿದ್ದರು. ಹೊಲಿದೂ ಇದ್ದರು. ಹೇಗೂ ಬೀರು ಬರುತ್ತದಲ್ಲ ಎಂದು ಅಷ್ಟೂ ಪರದೆಗಳನ್ನು ಮಡಿಸಿ ಅದರೊಳಗಿಟ್ಟು ಬೀಗ ಹಾಕಿದರು.

ಶನಿವಾರ ಬೆಳಿಗ್ಗೆ ಸಾಮಾನು ಸಾಗಿಸುವ ಮೇಸ್ತ್ರಿ ಮೂವರು ಆಳುಗಳೊಂದಿಗೆ ಬೀರುವನ್ನು ಲಾರಿಯಿಂದ ಇಳಿಸಿದ. ಲಿಫ್ಟಿನೊಳಕ್ಕೆ ಭುಜ ಹೋಯಿತು. ಹೊಟ್ಟೆ ಹೋಗಲಿಲ್ಲ.

"ಮಾಸ್ಟ್ರೇ, ಇದರ ನಡು ಅಳೆದಿಲ್ವಾ?" ಎಂದ ಮೇಸ್ತ್ರಿ.

"ಮೇಲೆ ಅಳೆದಿದ್ದೀನಿ, ಕೆಳಗೆ ಅಳೆದಿದ್ದೀನಿ."

"ನಡು?"

ಮಾಸ್ಟರ್ ಲಿಫ್ಟಿನ ಗುಂಡಿಗಳನ್ನು ಓದತೊಡಗಿದರು. ಆಮೇಲೆ, "ಬೀರುಗೂ ಹೊಟ್ಟೆ ಇರುತ್ತೆ ಅಂತ ಯಾರಿಗೆ ಗೊತ್ತಿತ್ತು?" ಎಂದರು.

"ಇಪ್ಪತ್ತಾರು ವರ್ಷ ಅದರೊಳಗಿಂದಾನೇ ನಿಮ್ಮ ಅಂಗಿ ತೆಗೆದು ಕೊಟ್ಟಿದ್ದೀನಿ," ಎಂದಳು ಹೆಂಡತಿ. ದನಿ ಏರಲಿಲ್ಲ.

ಸುರುಳಿ ಮೆಟ್ಟಿಲಿನ ಮಾತೇ ಬೇಡ. ಅದರಲ್ಲಿ ಮಡಿಸಿದ ಕೊಡೆ ಒಯ್ಯುವುದೇ ಕಷ್ಟ. ಉಳಿದದ್ದು ಒಂದೇ ದಾರಿ: ತಾರಸಿಯಲ್ಲಿ ರಾಟೆ ಕಟ್ಟಿ, ಕೆರೆಯ ಕಡೆಯಿಂದ ಹಗ್ಗದಲ್ಲಿ ಎತ್ತಿ ಬಾಲ್ಕನಿಗೆ ಎಳೆದುಕೊಳ್ಳುವುದು.

"ಬೇಡ," ಎಂದಳು ಹೆಂಡತಿ.

"ಹೆದರ್ತೀಯ ಯಾಕೆ? ನಾನಿದ್ದೀನಲ್ಲ."

"ಅದಕ್ಕೇ ಬೇಡ ಅಂದಿದ್ದು."

ಮಾಸ್ಟರ್‌ಗೆ ಆಗಲೇ ಮೈಮೇಲೆ ಬಂದಿತ್ತು. ಒರಟು ಹಗ್ಗದಿಂದ ಮಾವನ ಪಾಲಿಶ್ ಕಿತ್ತುಹೋದೀತೆಂದು ಚೀಲದಿಂದ ಕೋಟಿನ ಒಳಪದರಕ್ಕೆ ಹಾಕುವ ಸ್ಯಾಟಿನ್ ಬಟ್ಟೆಯನ್ನು ತೆಗೆದು ಬೀರುವಿಗೆ ನಾಲ್ಕು ಸುತ್ತು ಸುತ್ತಿದರು. ಮೇಸ್ತ್ರಿ ತಲೆ ಕೆರೆದುಕೊಂಡ. "ಮಾಸ್ಟ್ರೇ, ಹಗ್ಗ ಒರಟಾಗಿದ್ರೇನೇ ಹಿಡ್ಕೊಳ್ಳೋದು. ಇದು ಜಾರುತ್ತೆ."

"ನೀನು ಹಗ್ಗ ನೋಡ್ಕೋ. ಬಟ್ಟೆ ವಿಷಯ ನನಗೆ ಹೇಳ್ಕೊಡಬೇಡ."

ಬೀರು ಮದುಮಗಳ ಹಾಗೆ ಮಿರಮಿರ ಮಿನುಗುತ್ತ ಮೇಲೇರಿತು. ಮೊದಲ ಮಹಡಿ ದಾಟಿತು. ಎರಡನೇ ಮಹಡಿಗೆ ಬಂದಾಗ ಹೆಡ್ ಮಿಸ್ ಬಾಲ್ಕನಿಗೆ ಬಂದರು.

"ಮಾಸ್ಟರ್, ಏನಿದು?"

"ಬೀರು ಮೇಡಂ," ಎಂದರು ಮಾಸ್ಟರ್, ತಮ್ಮ ಬಾಲ್ಕನಿಯಿಂದ ಕೆಳಗೆ ಬಗ್ಗಿ.

"ಅದು ಕಾಣ್ತಿದೆ. ಇಲ್ಲಿ ಯಾಕಿದೆ? ಒಂಬತ್ತನೇ ನಿಯಮ ಓದಿದ್ದೀರಾ? ಕೆರೆ ಕಡೆ ಏನನ್ನೂ ನೇತುಹಾಕಬಾರದು."

"ನೇತುಹಾಕಿಲ್ಲ ಮೇಡಂ. ಮೇಲೆ ಹೋಗ್ತಾ ಇದೆ."

ಹೆಡ್ ಮಿಸ್ ಬೀರುವನ್ನು ಎರಡು ನಿಮಿಷ ನೋಡಿದರು. "ಹೋಗ್ತಿಲ್ಲ. ನಿಂತಿದೆ."

ನಿಜ. ಮೂರನೇ ಮಹಡಿಯ ಬಾಲ್ಕನಿಯ ಚಾಚಿದ ಅಂಚಿಗೆ ಬೀರುವಿನ ಹೊಟ್ಟೆ ಸಿಕ್ಕಿಕೊಂಡಿತ್ತು. ಮೇಲಕ್ಕೆಳೆದರೆ ಅಂಚು ಬಿಡದು. ಇಳಿಸುವುದೇ ಸರಿ ಎಂದು ಮೇಸ್ತ್ರಿ ಕೂಗಿದ. ಇಳಿಯುವುದೂ ಸರಿಯಾಗಿಯೇ ನಡೆದಿತ್ತು. ನೆಲಕ್ಕೆ ಇನ್ನು ಮೊಳಕಾಲೆತ್ತರ ಇರುವಾಗ ಕಟ್ಟಡದ ಮೂಲೆ ಸುತ್ತಿ ಗಾಳಿ ಬೀಸಿ ಬೀರುವನ್ನು ಕೆರೆಯತ್ತ ತೂಗಿತು. ಹಗ್ಗ ಸ್ಯಾಟಿನ್ನಿನ ಮೇಲೆ ಜಾರಿತು. ಕಾಲುದಾರಿಯಾಚೆ ನೀರಿನವರೆಗೂ ಹಾಸುಗಲ್ಲಿನ ಇಳಿಜಾರು, ಕಲ್ಲಿನ ಮೇಲೆಲ್ಲ ಪಾಚಿ. ಬೀರು ಅದರ ಮೇಲೆ ಬೆನ್ನು ಕೆಳಗಾಗಿ ಮೆತ್ತಗೆ ಮಲಗಿ, ಸುಯ್ಯೆಂದು ಜಾರಿ, ಸದ್ದೇ ಮಾಡದೆ ನೀರಿಗಿಳಿಯಿತು. ಜೊತೆಗೆ ಮಾಸ್ಟರ್ ನೀರೂ ಇಳಿಯಿತು.

ಅವರು ಸುರುಳಿ ಮೆಟ್ಟಿಲಲ್ಲಿ ಗಿರಗಿರನೆ ಸುತ್ತಿ ದಂಡೆಗೆ ಬರುವಾಗ ಬೀರು ಮುಳುಗಿರುತ್ತದೆ ಎಂದೇ ಎಣಿಸಿದ್ದರು. ಮುಳುಗಿರಲಿಲ್ಲ. ಹೊಟ್ಟೆ ತುಂಬ ಪರದೆ ಇಟ್ಟುಕೊಂಡು, ಒಂದಿಷ್ಟೂ ವಾಲದೆ, ಗಾಳಿ ಕರೆದ ಕಡೆ ಹೊರಟಿತ್ತು. ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. "ಅಪ್ಪಾ," ಎಂದಳು, ಇಷ್ಟೇ.

ಆ ಒಂದು ಮಾತಿಗೆ ಮಾಸ್ಟರ್ ದೋಣಿ ಹುಡುಕಿ ಓಡಿದರು. ಆಕೆ ಬೈದಿದ್ದರೆ ತಡೆದುಕೊಳ್ಳುತ್ತಿದ್ದರು.

ಇನ್ನೂರು ಹೆಜ್ಜೆಯಾಚೆ ದೋಣಿವಿಹಾರದ ಕಟ್ಟೆ. ಅಲ್ಲಿದ್ದದ್ದು ಹಂಸದ ಆಕಾರದ, ಇಬ್ಬರು ಕೂತು ಕಾಲಲ್ಲಿ ತುಳಿಯುವ ದೋಣಿಗಳು. ಇಬ್ಬರೂ ಹತ್ತಿದರು. ಹಂಸ ಇದ್ದಲ್ಲೇ ಬುಗುರಿಯಾಯಿತು.

"ನೇರಕ್ಕೆ ಬಿಡೇ."

"ಚುಕ್ಕಾಣಿ ನೇರ ಇದೆ. ನಿಮ್ಮ ಕಾಲು ನೋಡ್ಕೊಳ್ಳಿ."

"ಮೂವತ್ತೊಂದು ವರ್ಷ ಮಿಷನ್ ತುಳಿದ ಕಾಲು ಕಣೇ ಇದು."

"ಅದೇ ತೊಂದರೆ. ಮಿಷನ್ ತುಳಿದ್ರೆ ಊರು ಮುಟ್ಟೋದಿಲ್ಲ."

ಹೇಗೋ ಏದುಸಿರು ಬಿಡುತ್ತ ಬೀರುವನ್ನು ಮುಟ್ಟಿದರು. ಮಾಸ್ಟರ್ ಕೊರಳಿನ ಟೇಪು ತೆಗೆದು ಒಂದು ತುದಿಯನ್ನು ಬೀರುವಿನ ಹಿಡಿಗೆ ಕಟ್ಟಿದರು. ಇನ್ನೊಂದನ್ನು ಹಂಸದ ಕೊರಳಿಗೆ ಕಟ್ಟಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವರಿಗೆ ಪರದೆಯ ಚಿಂತೆ.

"ಬಾಗಿಲು ತೆಗೀಬೇಡಿ," ಎಂದಳು ಹೆಂಡತಿ.

"ಒದ್ದೆಯಾಗಿದೆಯಾ ನೋಡ್ತೀನಿ, ಅಷ್ಟೇ."

ಬೀಗ ತೆಗೆದು ಬಾಗಿಲೆತ್ತಿದರು. ಒಳಗೆ ಒಂದು ಹನಿ ನೀರಿಲ್ಲ. ಮಡಿಕೆ ಕೂಡ ಅಲುಗಿಲ್ಲ. ಸಂತೋಷಕ್ಕೆ ಇನ್ನಷ್ಟು ಬಗ್ಗಿದರು. ಅವರ ಕಾಲು ಒತ್ತಿದ ರಭಸಕ್ಕೆ ಹಂಸ ಹಿಂದೆ ಸರಿಯಿತು, ಬೀರು ಮುಂದೆ ಹೋಯಿತು, ಮಾಸ್ಟರ್ ನಡುವೆ ಉಳಿಯಲಾರದೆ ತಲೆ ಕೆಳಗಾಗಿ ಬೀರುವಿನೊಳಕ್ಕೆ ಬಿದ್ದರು. ಎದ್ದು ಕೂತು ಟೇಪಿನ ತುದಿಯನ್ನು ಹೆಂಡತಿಯತ್ತ ಎಸೆದರು. ಟೇಪು ಅರವತ್ತು ಇಂಚು. ಅವರಿಬ್ಬರ ನಡುವಿನ ದೂರ ಅಷ್ಟರಲ್ಲಿ ಅರವತ್ತೊಂದು ಇಂಚಾಗಿತ್ತು.

ಸಹಾಯಕ್ಕೆ ಯಾರನ್ನಾದರೂ ಕರೆಯೋಣವೆಂದು ಒಂದು ಪರದೆ ಬಿಡಿಸಿ ಎರಡೂ ಕೈಯಲ್ಲಿ ಎತ್ತಿ ಬೀಸಿದರು. ಗಾಳಿ ಬಂದಾಗ ತೂರಿಕೋ ಎನ್ನುತ್ತಾರೆ. ಇಲ್ಲಿ ಗಾಳಿಯೇ ಮಾಸ್ಟರನ್ನು ತೂರಿಕೊಂಡು ಹೋಯಿತು. ಕೆನೆ ಬಣ್ಣದ ಪರದೆ ಹೊಟ್ಟೆಯುಬ್ಬಿಸಿ ಹಾಯಿಯಾಯಿತು. ಅವರಿಗೆ ಬುದ್ಧಿ ಬಂದು ಪರದೆ ಇಳಿಸುವುದರೊಳಗೆ ಬೀರು ನಟ್ಟನಡು ಕೆರೆಯಲ್ಲಿತ್ತು.

ಹಂಸದಲ್ಲಿ ಒಬ್ಬಳೇ ಉಳಿದ ಹೆಂಡತಿ ಬಿಡದೆ ತುಳಿಯುತ್ತ ಹಿಂದೆಯೇ ಬಂದಳು. ಆದರೆ ಒಂದೇ ಬದಿ ತುಳಿದರೆ ಹಂಸ ಸುತ್ತುತ್ತದೆ. ಹಾಗೆ ಸುತ್ತು ಹಾಕುತ್ತ, ಒಂದೊಂದು ಸುತ್ತಿಗೂ ಒಂದೊಂದು ಸಲ ಅವಳ ಮುಖ ಮಾಸ್ಟರ್ ಕಡೆ ತಿರುಗುತ್ತಿತ್ತು. ಮುಖ ಈ ಕಡೆ ಬಂದಾಗ ಮಾತು, ಆ ಕಡೆ ಹೋದಾಗ ಮೌನ.

"ಹೆಡ್ ಮಿಸ್ ಫೋನ್ ಮಾಡಿದ್ರು," ಎಂದಳು ಮೊದಲ ಸುತ್ತಿನಲ್ಲಿ.

ಮಾಸ್ಟರ್ ಕಾದರು. ಹಂಸ ಸುತ್ತಿ ಬಂತು.

"ದುರ್ಬೀನಲ್ಲಿ ನೋಡ್ತಿದ್ದಾರಂತೆ. ಪರದೆ ಬಣ್ಣ ಕೆರೆ ಕಡೆಯಿಂದ ಚೆನ್ನಾಗಿ ಕಾಣ್ತಿದೆಯಂತೆ. ಒಪ್ಪಿಗೆ ಅಂತ ಹೇಳು ಅಂದ್ರು."

ದಂಡೆಯಲ್ಲಿ ಜನ ಸೇರಿದ್ದರು. ಅಷ್ಟು ದೂರದಿಂದಲೂ ಅವರೆಲ್ಲ ಕೈಯಲ್ಲಿ ಫೋನು ಎತ್ತಿ ಹಿಡಿದದ್ದು ಕಾಣುತ್ತಿತ್ತು. ತಮ್ಮ ಬಾಲ್ಕನಿಯೂ ಕಾಣುತ್ತಿತ್ತು, ಅಂಗೈಯಗಲ. ಮಾಸ್ಟರ್ ಪರದೆಗಳ ಮೇಲೆ ಮೆಲ್ಲಗೆ ಒರಗಿದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತನ್ನು ಅಕ್ಷರಶಃ ಪಾಲಿಸಬೇಕಾದ ಜಾಗ. ಮೂಗಿನ ಬಳಿಯೇ ಮಾವನ ಉಳಿಯ ಗುರುತುಗಳು. ಹೊರಗಿನಷ್ಟೇ ಶ್ರದ್ಧೆಯಿಂದ, ಯಾರೂ ನೋಡದ ಒಳಮೈಯನ್ನೂ ಆ ಮನುಷ್ಯ ಸವರಿದ್ದ. ಇಷ್ಟು ವರ್ಷ ಅದರೊಳಗಿನ ಅಂಗಿ ತೊಟ್ಟ ತಾವು ಒಂದು ದಿನವೂ ಒಳಗೆ ಕಣ್ಣಾಡಿಸಿರಲಿಲ್ಲ. ಮಾಸ್ಟರ್‌ಗೆ ತಾನು ಮುಳುಗಿದರೂ ಚಿಂತೆಯಿಲ್ಲ, ಇದು ಮುಳುಗಬಾರದು ಎನಿಸಿತು. ಎರಡೂ ಒಟ್ಟಿಗೇ ಆಗುವ ಸಂಭವವೇ ಹೆಚ್ಚೆಂದು ಹೊಳೆದು ಇನ್ನಷ್ಟು ಕುಗ್ಗಿದರು.

"ಒಂದು ಮಾತು ಹೇಳಬೇಕು," ಎಂದರು, ಹಂಸ ತಿರುಗಿದಾಗ.

"ಹೇಳಿ. ಬೇಗ, ತಿರುಗ್ತಾ ಇದ್ದೀನಿ."

"ಶುಕ್ರವಾರ ನಡೂನೂ ಅಳೆದಿದ್ದೆ. ಮೂವತ್ತನಾಲ್ಕು ಬಂತು. ಶಪಥ ಆಗಿಹೋಗಿತ್ತು, ಬಾಯಿ ಬರಲಿಲ್ಲ. ಒತ್ತಿದ್ರೆ ಬಟ್ಟೆ ಥರ ಬಗ್ಗಬಹುದೇನೋ ಅಂದ್ಕೊಂಡೆ."

ಹಂಸ ಆ ಕಡೆ ತಿರುಗಿತು. ಹೆಂಡತಿಯ ಬೆನ್ನು ಮಾತ್ರ ಕಾಣುತ್ತಿತ್ತು. ಅಷ್ಟು ಉದ್ದದ ಸುತ್ತನ್ನು ಮಾಸ್ಟರ್ ಜನ್ಮದಲ್ಲಿ ಕಂಡಿರಲಿಲ್ಲ.

"ಗೊತ್ತು," ಎಂದಳು, ಮುಖ ಬಂದಾಗ. "ನಿಮ್ಮ ಅಳತೆ ಚೀಟಿ ನೋಡಿದ್ದೆ. ಮೂವತ್ತನಾಲ್ಕು ಅಂತ ಬರೆದು ಗೀಚಿ ಹಾಕಿದ್ರಿ."

"ಮತ್ಯಾಕೆ ಸುಮ್ಮನಿದ್ದೆ?"

ಮತ್ತೊಂದು ಸುತ್ತು.

"ಇಪ್ಪತ್ತಾರು ವರ್ಷಕ್ಕೆ ಒಂದು ಸಲ ಆದ್ರೂ ನೀವೇ ಬಾಯಿಬಿಟ್ಟು ಹೇಳ್ತೀರೇನೋ ಅಂತ ಕಾದೆ. ಕೆರೆ ಮಧ್ಯದವರೆಗೂ ಕಾಯಬೇಕಾಗುತ್ತೆ ಅಂತ ಗೊತ್ತಿರಲಿಲ್ಲ."

ಮಾಸ್ಟರ್ ಹಾಯಿಯಾಗಿದ್ದ ಪರದೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಸತೊಡಗಿದರು. ಪುಣ್ಯಕ್ಕೆ ಕೆರೆ ಕಾವಲುಗಾರನ ಮೋಟಾರು ದೋಣಿ ಬಂತು. ಅವನು ಬೀರು, ಹಂಸ ಎರಡನ್ನೂ ಸಾಲಾಗಿ ಕಟ್ಟಿ ಎಳೆದ. ದಂಡೆಯ ಮುಂದೆಯೇ ಮೆರವಣಿಗೆ ಹೊರಟಿತು. ಯಾರೋ ಚಪ್ಪಾಳೆ ತಟ್ಟಿದರು. ಮೋಟಾರು ಎಬ್ಬಿಸಿದ ನೀರೆಲ್ಲ ಮಾಸ್ಟರ್ ಮುಖಕ್ಕೇ ಎರಚುತ್ತಿತ್ತು. ಪರದೆಗಳ ಮೇಲೆ ಹನಿ ಬೀಳದಂತೆ ಅವರು ಬಾಗಿಲು ಎಳೆದುಕೊಂಡು, ಎದೆಯವರೆಗೆ ತಾವು ಹೊರಗೇ ಉಳಿದು ಕೂತರು.

ಕಟ್ಟೆಯ ಪಕ್ಕದಲ್ಲಿ ಕಾವಲುಗಾರನ ಕಚೇರಿ, ಒಂದೇ ಕೋಣೆ. ಕೆರೆಯಲ್ಲಿ ಸಿಕ್ಕಿದ್ದನ್ನು ಹಿಂದಕ್ಕೆ ಪಡೆಯಲು ಒಂದು ಫಾರಂ ತುಂಬಬೇಕು. ಅವನು ಫಾರಂ ಚಾಚಿದ.

"ಅಮ್ಮಾ, ಒಂದು ಫಾರಂಗೆ ಒಂದೇ. ಇದರಲ್ಲಿ ನಿಮ್ಮದು ಯಾವುದು?"

ಹೆಂಡತಿ ಬೀರುವನ್ನು ನೋಡಿದಳು. ತೊಟತೊಟ ತೊಟ್ಟಿಕ್ಕುತ್ತಿದ್ದ ಗಂಡನನ್ನು ನೋಡಿದಳು. "ಬೀರು," ಎಂದಳು.

"ಇವರು?"

"ಇವರು ಆಮೇಲೆ."

ಇವರು ಆಮೇಲೆಯೇ ಆಗಬೇಕಿತ್ತು ಕೂಡ. ಪರವಾನಗಿಯಿಲ್ಲದ ತೇಲುವಾಹನದಲ್ಲಿ ಕೆರೆಗಿಳಿದದ್ದಕ್ಕೆ ಮಾಸ್ಟರ್ ಹೇಳಿಕೆ ಕೊಡಬೇಕು, ಹೇಳಿಕೆ ಬರೆದುಕೊಳ್ಳುವ ಗುಮಾಸ್ತರು ಊಟಕ್ಕೆ ಹೋಗಿದ್ದಾರೆ. ಅಷ್ಟರಲ್ಲಿ ದೋಣಿ ರಿಪೇರಿ ಮಾಡುವ ಮುದುಕನೊಬ್ಬ ಬಂದು ಬೀರುವಿನ ಬೆನ್ನು ಸವರಿ, "ಇದು ದೋಣಿ ಕಟ್ಟೋರ ಕೈ," ಎಂದು ಬೆಣೆಗಳನ್ನು ಹುಡುಕಿ ಹುಡುಕಿ ತಟ್ಟಿದ. ಕಾಲು ಗಂಟೆಯಲ್ಲಿ ಬೀರು ಆರು ಹಲಗೆಯಾಗಿ, ಮೇಸ್ತ್ರಿ ಕಟ್ಟೆಗೆ ತಂದಿದ್ದ ಲಾರಿಯಲ್ಲಿ ಒರಗಿತು. ಇವು ಲಿಫ್ಟಲ್ಲಿ ಹೋಗುತ್ತವೆ ಎಂದ ಮೇಸ್ತ್ರಿ. ಹೆಂಡತಿ ಮುದುಕನ ಎರಡೂ ಕೈ ಹಿಡಿದುಕೊಂಡಳು. ಆಮೇಲೆ ಪರದೆಗಳ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಲಾರಿಯ ಮುಂದೆ ಕೂತಳು.

"ಮನೆಗೆ ಹೋಗಿ ಬೀರು ಜೋಡಿಸಿಬಿಟ್ಟು ಬರ್ತೀನಿ ರೀ. ಇಲ್ಲೇ ಇರಿ," ಎಂದಳು.

"ಎಲ್ಲಿಗೆ ಹೋಗಲಿ?" ಎಂದರು ಮಾಸ್ಟರ್.

ಅವರು ಕೋಣೆಯೊಳಗೆ ಬಂದು ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತರು. ಅಲ್ಲಿ ಒಂಟಿ ಚಪ್ಪಲಿ, ಎರಡು ಕೊಡೆ, ಒಂದು ಟೋಪಿ, ನೀರಿನ ಬಾಟಲಿ ಸಾಲಾಗಿ ಕೂತಿದ್ದವು. ಮಾಸ್ಟರ್ ಟೋಪಿಯ ಪಕ್ಕ ಜಾಗ ಮಾಡಿಕೊಂಡರು. ಮೈಮೇಲಿದ್ದದ್ದು ಅವರೇ ಕತ್ತರಿಸಿ, ಅವರೇ ಹೊಲಿದ, ಗಿರಾಕಿಗಳಿಗೆ ಮಾದರಿಗೆಂದು ಅಂಗಡಿಯಲ್ಲಿ ತೂಗುಹಾಕುತ್ತಿದ್ದ ಕೋಟು. ಅದು ನೆನೆದು, ಅರ್ಧ ಆರಿ, ಮುದುಡಿತ್ತು. ಮಾಸ್ಟರ್ ಕದಲದೆ ಕೂತು ನೆಲ ನೋಡುತ್ತಿದ್ದರು.

ಬಾಗಿಲಲ್ಲಿ ಒಬ್ಬ ಅಜ್ಜಿ ಬಂದು ನಿಂತಳು. ಕಣ್ಣು ಅಷ್ಟಾಗಿ ಕಾಣದು, ಕೈಯಲ್ಲಿ ಕೋಲು. ನಿನ್ನೆ ಕಟ್ಟೆಯ ಮೇಲೆ ತನ್ನ ಕೋಟು ಮರೆತು ಹೋಗಿದ್ದೆ ಎಂದಳು.

ಕಾವಲುಗಾರ ಬೀರುವಿನ ಫಾರಂ ನೋಡಿ ರಿಜಿಸ್ಟರಿಗೆ ಬರೆಯುತ್ತಿದ್ದವನು ತಲೆಯೆತ್ತಲಿಲ್ಲ. "ಸಿಕ್ಕಿದ್ದೆಲ್ಲ ಆ ಬೆಂಚಿನ ಮೇಲಿಟ್ಟಿದ್ದೀವಿ ಅಜ್ಜಿ. ನಿಮ್ಮದು ಇದೆಯಾ ನೋಡ್ಕೊಳ್ಳಿ."

ಅಜ್ಜಿ ಬೆಂಚಿನುದ್ದಕ್ಕೂ ಕೈಯಾಡಿಸುತ್ತ ಬಂದಳು. ಚಪ್ಪಲಿ ದಾಟಿದಳು, ಕೊಡೆ ದಾಟಿದಳು, ಟೋಪಿ ದಾಟಿದಳು. ಮಾಸ್ಟರ್ ತೋಳು ಕೈಗೆ ಸಿಕ್ಕಿತು. ಅದನ್ನು ಹಿಡಿದು, ಕೈಯಂಚು ಮಡಚಿ, ಒಳಗಿನ ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದು ನಿಧಾನವಾಗಿ ಪರೀಕ್ಷಿಸಿದಳು. ಮಾಸ್ಟರ್ ಉಸಿರು ಬಿಗಿಹಿಡಿದು ಕೂತಿದ್ದರು.

"ಇದಲ್ಲಪ್ಪ," ಎಂದಳು ಅಜ್ಜಿ ಕಾವಲುಗಾರನಿಗೆ. "ನನ್ನದಕ್ಕೆ ಹೊಲಿಗೆ ಚೆನ್ನಾಗಿತ್ತು."